ಉಳಿದ ಅರ್ಧ ದಿನ

ಮುಂದೆ, ಬಹಳ ಮುಂದೆ, ಕಣ್ಣಿಗೆ ಕಾಣುವಷ್ಟು ಮುಂದೆ ಒಂದು ಊರಿತ್ತಂತೆ. ಅಜ್ಜಿಯ ಕಥೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಅವಳ ಐಮರಾ ನುಡಿಯಲ್ಲಿ ಆಗಿಹೋದದ್ದು ಮುಂದೆ ಇರುತ್ತದೆ, ಅದನ್ನು ನೋಡಿಯಾಗಿದೆಯಲ್ಲ. ಆಗಬೇಕಾದದ್ದು ಹಿಂದೆ, ಬೆನ್ನಿಗೆ ಕಣ್ಣಿಲ್ಲವಲ್ಲ. ಬ್ಯೂನಸ್ ಐರಿಸ್ಸಿನ ಶಾಲೆಯಲ್ಲಿ ಮೊಮ್ಮಗಳು ರೊಮಿನಾ ಹಾಗೇ ಬರೆದು ಕೆಂಪು ಗೀಟು ಹಾಕಿಸಿಕೊಂಡಿದ್ದಳು. ಕಥೆಯ ಆ ಊರು ಒಂದು ದೊಡ್ಡ ಬಾಣಲೆಯೊಳಗಿತ್ತು. ಬಾಣಲೆಯ ಗೋಡೆಗೆ ಮನೆಗಳು ಉಗುರೂರಿ ಅಂಟಿಕೊಂಡಿದ್ದವು. ಏರು ಓಣಿಗಳ ಉದ್ದಕ್ಕೂ ಹೆಂಗಸರು ಅಗಲ ಲಂಗ ಹರಡಿ, ತಲೆಗೆ ದುಂಡು ಟೋಪಿ ಇಟ್ಟು ಕೂತಿದ್ದರು; ಅವರು ಕೂತ ಭಾರಕ್ಕೇ ಊರು ಕೆಳಕ್ಕೆ ಜಾರದೆ ನಿಂತಿತ್ತು. ಒಂದು ಮಧ್ಯಾಹ್ನ ಅವರಲ್ಲೊಬ್ಬಳು ಎದ್ದಳು. ಇಷ್ಟಕ್ಕೆ ಬಂದಾಗ ಅಜ್ಜಿಗೆ ಯಾವಾಗಲೂ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನಾಳೆಗೆ ನಿಂಬೆ ಆರಿಸಬೇಕು, ಬೆಳ್ಳುಳ್ಳಿ ಕಟ್ಟು ಬಿಡಿಸಬೇಕು, ಮಲಗು. ಆಮೇಲೆ ಊರು ಜಾರಿತಾ ಅಜ್ಜಿ, ಎಂದು ರೊಮಿನಾ ಹೊದಿಕೆಯೊಳಗಿಂದ ಕೇಳಿದರೆ ಒಂದೇ ಉತ್ತರ: ಗೊತ್ತಿಲ್ಲ, ನಾನು ಅಲ್ಲಿರಲಿಲ್ಲ.

ಆ ಬಾಣಲೆಯ ಅಂಚಿಗೆ ರೊಮಿನಾ ಬಂದದ್ದು ಫೆಬ್ರವರಿಯ ಒಂದು ಶುಕ್ರವಾರ, ಬೆಳಕು ಹರಿಯುವ ಹೊತ್ತಿಗೆ, ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು. ಅವಳಿಗೆ ಈಗ ಇಪ್ಪತ್ತಮೂರು. ಪಕ್ಕದಲ್ಲಿ ಶಾಲೆಯ ದಿನಗಳ ಗೆಳತಿ ಮಾಲೇನಾ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಇಬ್ಬರೂ ಬೆನ್ನಿಗೆ ಚೀಲ ಹಾಕಿಕೊಂಡು ಬ್ಯೂನಸ್ ಐರಿಸ್ಸಿನಿಂದ ಹೊರಟು, ಗಡಿ ದಾಟಿ, ಇಲ್ಲಿಂದ ಮುಂದೆ ಪೆರುವಿಗೆ ಹೋಗುವವರು. ಕೆಳಗೆ ಲಾ ಪಾಸ್ ಇತ್ತು, ಅಜ್ಜಿ ಬಿಟ್ಟು ಬಂದ ಊರು. ಗಿಲಾವು ಕಾಣದ ಇಟ್ಟಿಗೆ ಮನೆಗಳು ಒಂದರ ಭುಜದ ಮೇಲೊಂದು ಕಾಲಿಟ್ಟು ಬಾಣಲೆಯ ತಳದವರೆಗೂ ಇಳಿದಿದ್ದವು. ಅವಳಿಗೆ ಮೊದಲು ಆದದ್ದು ಬೆರಗಲ್ಲ, ಒಂದು ಬಗೆಯ ಅವಮಾನ. ಇಷ್ಟು ದೊಡ್ಡದು ಎಂದು ಅಜ್ಜಿ ಹೇಳಿರಲಿಲ್ಲ. ಹೊದಿಕೆಯೊಳಗೆ ಹಿಡಿಸಿದ್ದ ಊರು ಇದು. ತನಗಾಗಿ ಸ್ವಲ್ಪವಾದರೂ ಸರಿದು ಕೂರುತ್ತದೆ ಎಂದು ಅವಳು ನಂಬಿದ್ದಳು. ಊರು ಸರಿಯಲಿಲ್ಲ. ಊರಿನಾಚೆಯ ಹಿಮದ ಬೆಟ್ಟ ಕೂಡ ಮೋಡ ಎಳೆದುಕೊಂಡು ಮುಖ ತೋರಿಸಲಿಲ್ಲ. ಎತ್ತರಕ್ಕೆ ತಲೆ ಸುತ್ತುತ್ತದಂತೆ ಎಂದು ಮಾಲೇನಾ ದಾರಿಯುದ್ದಕ್ಕೂ ಮಾತ್ರೆ ನುಂಗಿದ್ದಳು. ನನಗೇನೂ ಆಗಲ್ಲ ಎಂದು ರೊಮಿನಾ ಒಂದನ್ನೂ ಮುಟ್ಟಿರಲಿಲ್ಲ. ಯಾಕೆ ಆಗಲ್ಲ ಎಂದು ಮಾತ್ರ ಹೇಳುವ ಹಾಗಿರಲಿಲ್ಲ. ಶಾಲೆಯಲ್ಲಿ ಅವಳು ಹೇಳಿಕೊಂಡದ್ದು ತಾನು ಸಾಲ್ತಾದವಳು ಎಂದು, ಅರ್ಜೆಂಟೀನಾದ್ದೇ ಉತ್ತರದ ಸಾಲ್ತಾ. ಅಲ್ಲಿಯವರ ಮುಖವೂ ಹೀಗೇ ಇರುತ್ತದೆ, ಯಾರೂ ಹೆಚ್ಚು ಕೇಳುವುದಿಲ್ಲ. ಬಸ್ ನಿಲ್ದಾಣದ ಬಾಗಿಲಲ್ಲಿ, ನೇರಳೆ ಜೋಳದ ಬಿಸಿ ಗಂಜಿ ಮಾರುವವಳ ಬೆಂಚಿನ ಪಕ್ಕದಲ್ಲೇ ಅವಳು ವಾಂತಿ ಮಾಡಿಕೊಂಡಳು. ಜಿನೋವಾದಿಂದ ಹಡಗು ಹತ್ತಿ ಬಂದವರ ಮರಿಮಗಳು ಮಾಲೇನಾ ಅಲ್ಲೇ ನಿಂತು, ಮೊಣಕೈವರೆಗೆ ರಸ ಸುರಿಸಿಕೊಂಡು ಎರಡು ಮಾಂಸದ ಕಡುಬು ತಿಂದಳು. ಗಂಜಿಯವಳು ಬೈಯಲಿಲ್ಲ. ಪಾತ್ರೆಯನ್ನು ಕಾಲಲ್ಲಿ ಆಚೆ ತಳ್ಳಿ, ಒಂದು ಹಿಡಿ ಮರದ ಪುಡಿ ಎರಚಿ, ಸಣ್ಣ ಸಣ್ಣದಾಗಿ ಉಸಿರು ತಗೋ ಕಸೇರಾ ಅಂದಳು.

ಕಸೇರಾ. ಇಡೀ ಊರು ಅವಳಿಗೆ ಹೇಳಿದ ಮೊದಲ ಮಾತು ಅದು. ಕೊಳ್ಳುವವಳೂ ಕಸೇರಾ, ಮಾರುವವಳೂ ಕಸೇರಾ. ಒಬ್ಬರನ್ನೊಬ್ಬರು ಹಾಗೆ ಕರೆದರೆ ಗಿರಾಕಿಯ ನಂಟು ಗಟ್ಟಿಯಾಯಿತು ಎಂದರ್ಥ. ಅದರ ಬುಡದಲ್ಲೆಲ್ಲೋ ಮನೆ ಎನ್ನುವ ಶಬ್ದ ಕೂತಿದೆ, ಮನೆಯವಳೇ ಎಂದಂತೆ, ಆದರೆ ಯಾರೂ ಅಷ್ಟು ಅಗೆದು ನೋಡುವುದಿಲ್ಲ. ರೊಮಿನಾ ಬೆಂಚಿನ ಅಂಚು ಹಿಡಿದು ನಿಂತಳು. ಇದೇ ಮಾತನ್ನು ಅವಳು ಒಮ್ಮೆ ಅಜ್ಜಿಯ ಬಾಯಲ್ಲಿ ಕೇಳಿದ್ದಳು, ಬ್ಯೂನಸ್ ಐರಿಸ್ಸಿನಲ್ಲಿ, ಶಾಲೆಯಿಂದ ಎರಡು ಬೀದಿ ಆಚೆ; ಅಜ್ಜಿ ದಿನಾ ಕೂರುವ ಜಾಗವಲ್ಲ ಅದು. ಅವಳ ಮಾಮೂಲು ಮೂಲೆಯಿಂದ ಅಂಗಡಿಯವನೊಬ್ಬ ಎಬ್ಬಿಸಿದ್ದಕ್ಕೆ ಅವತ್ತು ಅಲ್ಲಿ ಬಂದು ಕೂತಿದ್ದಳು, ಎರಡು ಜಡೆ, ಲಂಗ, ಮುಂದೆ ಬಟ್ಟೆ ಹಾಸಿ ನಿಂಬೆ, ಬೆಳ್ಳುಳ್ಳಿ. ರೊಮಿನಾಗೆ ಹದಿನಾಲ್ಕು. ಜೊತೆಗೆ ಮಾಲೇನಾ, ಇನ್ನಿಬ್ಬರು. ಮೊಮ್ಮಗಳನ್ನು ಕಂಡು ಅಜ್ಜಿಯ ಮುಖ ಅರಳತೊಡಗಿತು, ಪೂರ್ತಿ ಅರಳುವ ಮುಂಚೆಯೇ ರೊಮಿನಾ ಕೇಳಿಬಿಟ್ಟಳು: ಬೆಳ್ಳುಳ್ಳಿ ಹೇಗೆ? ಅಜ್ಜಿಯ ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಬೆಲೆ ಹೇಳಿತು ಆ ಬಾಯಿ, ಮೂರು ಗಡ್ಡೆ ಆರಿಸಿತು ಆ ಕೈ, ದುಡ್ಡನ್ನೂ ತೆಗೆದುಕೊಂಡಿತು, ತೆಗೆದುಕೊಳ್ಳದಿದ್ದರೆ ಹುಡುಗಿಯರಿಗೆ ಗೊತ್ತಾಗುತ್ತದಲ್ಲ. ನಾಲ್ಕನೆಯ ಗಡ್ಡೆಯನ್ನು ಮೇಲೆ ಕೊಸರಿಟ್ಟು, ಮತ್ತೆ ಬಾ ಕಸೇರಾ, ಅಂದಳು. ಸಂಜೆ ಅಡುಗೆಮನೆಯಲ್ಲಿ ಅದೇ ಬೆಳ್ಳುಳ್ಳಿ ಜಜ್ಜಿ ಸಾರು ಮಾಡಿದಳು. ಒಂದು ಮಾತಿಲ್ಲ. ಅದರ ಬಗ್ಗೆ ಅವತ್ತಿಂದ ಇವತ್ತಿನವರೆಗೆ ಒಂದೇ ಒಂದು ಮಾತಿಲ್ಲ.

ಕಥೆಯ ಉಳಿದ ಭಾಗ ಅಜ್ಜಿಯ ಬಾಯಿಂದ ಹೊರಬಿದ್ದದ್ದು ಈ ಜನವರಿಯಲ್ಲಿ, ರೊಮಿನಾ ಬೆನ್ನುಚೀಲ ತಂದು ಮಂಚದ ಮೇಲೆ ಕೆಡವಿದ ದಿನ. ಅಜ್ಜಿಯ ಮಂಡಿಗಳು ಕಚ್ಚಿಕೊಂಡು ವರ್ಷವಾಗಿತ್ತು. ಕುರ್ಚಿಯಿಂದ ಬಚ್ಚಲಿಗೆ ಹೋಗಬೇಕಾದರೂ ಬೈಗುಳ ಬೇಕು. ಅವತ್ತು ಹೇಳಿದ್ದು ಕಥೆಯಾಗಿರಲಿಲ್ಲ, ನಡೆದದ್ದು. ಲಾ ಪಾಸಿನ ಚರ್ಚಿನ ಹಿಂದಿನ ಏರು ಓಣಿ, ಅಜ್ಜಿ ಸಾತುರ್ನಿನಾ ಟಾರ್ಕಿಯ ಜಾಗ, ಒಣಗಿಸಿದ ಕಪ್ಪು ಆಲೂಗಡ್ಡೆಯ ಮೂಟೆ. ಓಣಿಯ ಜಾಗಗಳನ್ನು ನಗರಸಭೆಯವರು ಅಳೆದು ಗುರುತು ಹಾಕುವ ದಿನ ಅದು. ಅಳೆಯುವಾಗ ಕೂತಿದ್ದವಳಿಗೆ ಜಾಗ, ಯಾರೂ ಏಳಬಾರದು ಎಂದು ಸಾಲಿನವರೆಲ್ಲ ಮಾತಾಡಿಕೊಂಡಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಯಾರೋ ಬಂದು ಹೇಳಿದರು, ನಿನ್ನ ಮಗಳು ಗಂಟು ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿದ್ದಾಳೆ ಎಂದು. ರೊಮಿನಾಳ ಅಮ್ಮ, ಆಗ ಹದಿನಾರು. ಅಜ್ಜಿ ಪಕ್ಕದ ಹಿಲಾರಿಯಾಗೆ, ಈಗ ಬಂದೆ, ನನ್ನ ಜಾಗ ನೋಡ್ಕೋ, ಅಂದು ಓಡಿದಳು. ಮಗಳು ಬಸ್ಸಿನಿಂದ ಇಳಿಯಲಿಲ್ಲ. ಎಳೆದು ಇಳಿಸಲು ಅಜ್ಜಿ ಹತ್ತಿದಳು. ಬಸ್ಸು ಹೊರಟಿತು. ಮುಂದಿನ ಊರಲ್ಲಿ ಇಳಿಯಬಹುದಿತ್ತು, ಗಡಿಯಲ್ಲಿ ಇಳಿಯಬಹುದಿತ್ತು, ಇಳಿಯಲಿಲ್ಲ. ಯಾಕೆ ಎಂದು ರೊಮಿನಾ ಕೇಳಿದರೆ ಅಜ್ಜಿ ಕಿಟಕಿಯ ಕಡೆ ನೋಡಿದಳು. ಆ ದಿನ ಇನ್ನೂ ಮುಗಿದಿಲ್ಲ, ಅಂದಳು. ಅರ್ಧ ಉಳಿದಿದೆ. ಆ ಅರ್ಧ ದಿನ ಕೂತು ಬಾ. ಹೂಂ ಎಂದು ರೊಮಿನಾ ಥಟ್ಟನೆ ಒಪ್ಪಿಕೊಂಡಳು. ಬೆಳ್ಳುಳ್ಳಿ ಹೇಗೆ ಎಂದು ಕೇಳಿದ್ದೂ ಅಷ್ಟೇ ಥಟ್ಟನೆ ಎಂದು ಆಮೇಲೆ ಹೊಳೆದು ಬೆವರಿದಳು.

ತಂಗುವ ಜಾಗದವರು ಎರಡು ಗಂಟೆಗೆ ಮುಂಚೆ ಕೋಣೆ ಇಲ್ಲ ಅಂದರು. ಮಾಲೇನಾ ತನ್ನ ಚೀಲವನ್ನು ಅಲ್ಲಿದ್ದ ಚೀಲಗಳ ಗುಡ್ಡೆಯ ಮೇಲೆ ಎಸೆದು, ತಂತಿಯ ಮೇಲೆ ಓಡುವ ಪೆಟ್ಟಿಗೆ ಹತ್ತಿ ಊರನ್ನೆಲ್ಲ ಮೇಲಿಂದ ನೋಡಿ ಬರುತ್ತೇನೆ ಎಂದು ಹೊರಟಳು. ರೊಮಿನಾ ಚರ್ಚಿನ ಹಿಂದೆ ಒಂದು ಸಣ್ಣ ಕೆಲಸವಿದೆ ಅಂದಳು, ಚೀಲ ಬಿಡಲು ಮನಸ್ಸಾಗದೆ ಹೊತ್ತುಕೊಂಡೇ ನಡೆದಳು. ಈ ಊರಿನಲ್ಲಿ ಎಡ ಬಲ ಇಲ್ಲ, ಮೇಲೆ ಕೆಳಗೆ ಮಾತ್ರ. ಯಾರನ್ನು ಕೇಳಿದರೂ ಗದ್ದ ಎತ್ತಿ, ಇನ್ನೂ ಮೇಲೆ ತಾಯಿ, ಅಂದರು. ಹದಿನೈದು ಹೆಜ್ಜೆಗೊಮ್ಮೆ ಗೋಡೆ ಹಿಡಿದಳು. ಅವಳನ್ನು ದಾಟಿಕೊಂಡು ಮುದುಕನೊಬ್ಬ ಬಟ್ಟೆಯ ಕಪಾಟನ್ನೇ ಬೆನ್ನಿಗೆ ಕಟ್ಟಿ ಹತ್ತಿಹೋದ. ಬಾಗಿಲಿಗೆ ನೇತುಬಿದ್ದ ಹೆಂಗಸರು ಒಂದೇ ಉಸಿರಿಗೆ ಹತ್ತು ಊರಿನ ಹೆಸರು ಕೂಗುತ್ತ ವ್ಯಾನುಗಳಲ್ಲಿ ಹೋದರು. ಜೀಬ್ರಾ ವೇಷದವನೊಬ್ಬ ವಾಹನಗಳನ್ನು ತಡೆದು, ಬಗ್ಗಿ ನಮಸ್ಕರಿಸಿ ಅವಳನ್ನು ರಸ್ತೆ ದಾಟಿಸಿದಾಗ, ತಲೆಗೆ ಗಾಳಿ ಸಾಲದೆ ಏನೇನೋ ಕಾಣುತ್ತಿದೆ ಎಂದುಕೊಂಡಳು; ಅಲ್ಲ, ಈ ಊರಿನಲ್ಲಿ ಅದೂ ಒಂದು ಕೆಲಸ. ಎಲ್ಲಕ್ಕಿಂತ ಚುಚ್ಚಿದ್ದು ಇನ್ನೊಂದು. ಕೂತ ಹೆಂಗಸರು ಅವಳ ಮುಖ ಕಂಡು ಕಸೇ ಎಂದು ಬಾಯಿ ತೆರೆಯುವರು, ಅಷ್ಟರಲ್ಲಿ ಚೀಲ ಕಾಣುವುದು, ರಾ ಎನ್ನುವ ಮುಂಚೆಯೇ ಮಾತು ತಿರುಗಿ ಅಮೀಗಾ ಆಗುವುದು. ಅಮೀಗಾ ಎಂದರೆ ಗೆಳತಿ, ಪರದೇಶಿ ಪ್ರವಾಸಿಗಳಿಗೆ ಇಟ್ಟ ಹೆಸರು, ಅದಕ್ಕೆ ಬೆಲೆಯೂ ಬೇರೆ. ಮುಖಕ್ಕೊಂದು ಕೂಗು, ಬೆನ್ನಿಗೊಂದು ಕೂಗು. ಬ್ಯೂನಸ್ ಐರಿಸ್ಸಿನಲ್ಲಿ ಇದೇ ಮುಖಕ್ಕೆ ಬೀದಿಯಲ್ಲಿ ಕರೆಯುವ ಹೆಸರು ಮತ್ತೊಂದಿತ್ತು, ಅದನ್ನು ಅವಳು ಮನಸ್ಸಿನಲ್ಲೂ ಉಚ್ಚರಿಸುವುದಿಲ್ಲ. ಯಾವ ಹೆಸರಿಗೂ ತಿರುಗಲಾರೆ ಎಂದು ಹಲ್ಲು ಕಚ್ಚಿ ಮತ್ತೆ ಹದಿನೈದು ಹೆಜ್ಜೆ ಹತ್ತಿದಳು.

ಮೂಲಿಕೆ ಮಾರುವ ಹಿಲಾರಿಯಾ ಯಾರೆಂದು ಕೇಳಬೇಕಾಗಲಿಲ್ಲ. ಓಣಿಯ ಮೇಲ್ತುದಿಯಲ್ಲಿ ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರೆ ಒಬ್ಬ ಮುದುಕಿಯ ಪಕ್ಕದಲ್ಲಿ ಮಾತ್ರ ಎರಡು ಮೊಳ ಜಾಗ ಬರಿದಾಗಿ ಬಿದ್ದಿತ್ತು. ಅದರ ಮೇಲೆ ಅವಳ ಊಟದ ಪಾತ್ರೆಯೊಂದೇ ಇತ್ತು. ರೊಮಿನಾ ದಾರಿಯಲ್ಲಿ ಒಂದು ಚಂದದ ಮಾತು ಕಟ್ಟಿಕೊಂಡು ಬಂದಿದ್ದಳು. ಏದುಸಿರಿಗೆ ಅದು ಚೂರುಚೂರಾಯಿತು.

"ನಾನು ಸಾತುರ್ನಿನಾ ಮೊಮ್ಮಗಳು. ಈಗ ಬಂದೆ ಅಂದಿದ್ರಂತೆ. ಬಂದೆ."

ಹಿಲಾರಿಯಾ ಮೊದಲು ಅವಳ ಬೂಟು ನೋಡಿದಳು, ಆಮೇಲೆ ಮೊಣಕಾಲು, ಕೊನೆಗೆ ಮುಖ. ದವಡೆಯಲ್ಲಿದ್ದ ಕೋಕಾ ಎಲೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದಳು.

"ತಡ ಆಯ್ತು," ಅಂದಳು. "ಈಗ ಅಂದ್ರೆ ನಮ್ಮ ಕಡೆ ಒಂದು ಗಂಟೇನೂ ಆಗುತ್ತೆ, ಒಂದು ವಾರಾನೂ ಆಗುತ್ತೆ. ಮೂವತ್ತೊಂದು ವರ್ಷ ಸ್ವಲ್ಪ ಜಾಸ್ತಿ ಆಯ್ತು ತಾಯಿ."

ಅಜ್ಜಿ ಬದುಕಿದ್ದಾಳಾ ಎಂದು ಹಿಲಾರಿಯಾ ಕೇಳಿದಳು. ಮಂಡಿ ಹಿಡಿದುಕೊಂಡಿದೆ ಎಂದು ಕೇಳಿ, ಓಡಿದ್ದಕ್ಕೆ, ಅಂದಳು. ಆಮೇಲೆ ತಾನಾಗಿ ಹೇಳಿದ್ದು ಇಷ್ಟು: ಅಳೆಯುವವನು ಬಂದಾಗ ಅವಳು ತನ್ನ ಲಂಗದ ಮಡಿಕೆಗಳನ್ನೆಲ್ಲ ಬಿಚ್ಚಿ ಎರಡು ಜಾಗಕ್ಕೂ ಹರಡಿ ಕೂತಳು. ಪಕ್ಕದವಳೆಲ್ಲಿ ಎಂದರೆ, ಉಚ್ಚೆ ಹೊಯ್ಯಲು ಹೋಗಿದ್ದಾಳೆ, ಈಗ ಬರುತ್ತಾಳೆ, ಅಂದಳು. ಅವನು ಎರಡು ಎಂದು ಗುರುತು ಹಾಕಿ ಹೋದ. ಮರುದಿನವೂ ಕೇಳಿದರು, ಈಗ ಬರುತ್ತಾಳೆ ಅಂದಳು. ಹೇಳಿದ ಮೇಲೆ ಮುಗಿಯಿತಲ್ಲ, ಮೂವತ್ತೊಂದು ವರ್ಷ ಅದನ್ನೇ ಹೇಳಿದಳು. ಆ ಜಾಗದಲ್ಲಿ ಒಂದು ಕಟ್ಟು ಪುದೀನವನ್ನೂ ಇಟ್ಟು ಮಾರಲಿಲ್ಲ. ಸಾಲಿನವರು ಅವಳಿಗಿಟ್ಟ ಹೆಸರು ಎರಡು ಕುಂಡಿ ಹಿಲಾರಿಯಾ. ಇದನ್ನು ಅವಳು ದೂರಿನಂತೆ ಹೇಳಲಿಲ್ಲ, ಹವಾಮಾನ ಹೇಳಿದಂತೆ ಹೇಳಿದಳು. ಆದರೆ ರೊಮಿನಾಗೆ ಅಲ್ಲೇ ನಿಂತಲ್ಲೇ ತಿಳಿಯಿತು, ತಾನು ತೀರಿಸಲು ಬಂದದ್ದು ಅಜ್ಜಿಯ ಮಾತೊಂದೇ ಅಲ್ಲ. ಈ ಮುದುಕಿಯ ಸುಳ್ಳು ನಿಜವಾಗಬೇಕಾಗಿದೆ, ಅದಕ್ಕೆ ಸಂಜೆಯವರೆಗೆ ಸಮಯವಿದೆ.

ಆ ಹೆಸರನ್ನಿಟ್ಟವಳು ಕೆಳಗಿನಿಂದ ಬಂದಳು. ದೋನ್ಯಾ ಫಾವ್ಸ್ತಾ, ಅಮ್ಮಾವ್ರು ಎಂದಂತೆ ದೋನ್ಯಾ, ಸಾಲಿನ ಹಿರಿಯಳು, ಗಂಡಸರ ಒಳಚಡ್ಡಿಗಳ ವ್ಯಾಪಾರ, ಕೊರಳಲ್ಲಿ ಸೀಟಿ, ಮುಂದಿನ ಹಲ್ಲಿಗೆ ಚಿನ್ನದ ಕಟ್ಟು. ಬೆನ್ನುಚೀಲ ಕಂಡೇ ಅವಳ ಕೈ ಸೀಟಿಗೆ ಹೋಗಿತ್ತು. ಹೋದ ತಿಂಗಳು ಇಂಥವರೇ ನಾಲ್ವರು ಬಂದು ದಾರದ ಬಳೆ ಹರಡಿಕೊಂಡು ಕೂತು, ಎಬ್ಬಿಸಿದರೆ ಭೂಮಿ ಎಲ್ಲರದು ಎಂದು ಹಾಡು ಹೇಳಿದ್ದರಂತೆ. ಊರು ಸುತ್ತಲು ದುಡ್ಡಿಲ್ಲದಿದ್ದರೆ ಮನೆಯಲ್ಲಿರಿ, ನಮ್ಮ ತುತ್ತಿನ ಮೇಲೆ ಯಾಕೆ ಕೂರುತ್ತೀರಿ ಎಂದು ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇವಳು ಸಾತುರ್ನಿನಾ ಕಡೆಯವಳು, ಬಂದಿದ್ದಾಳೆ, ಅಂದಳು ಹಿಲಾರಿಯಾ. ಫಾವ್ಸ್ತಾ ನಕ್ಕಳು, ಚಿನ್ನ ಹೊಳೆಯಿತು. ದಾರಿಯಲ್ಲಿ ಹೋಗುವ ಯಾವ ಹುಡುಗಿಯನ್ನಾದರೂ ಕರೆದು ಕೂರಿಸಿಕೊಳ್ಳಬಹುದು, ಮುಖವೇನು, ಈ ಮುಖಕ್ಕೆ ಈ ಊರಲ್ಲಿ ಬರವೇ ಅಂದಳು. ಮುಂದಿನ ವಾರ ಹೊಸದಾಗಿ ಅಳತೆ ಇದೆ, ಹಿಲಾರಿಯಾ ಸಾಲಿಗೆಲ್ಲ ಸುಳ್ಳು ಹೇಳಿದವಳು ಎಂದು ಅಷ್ಟರೊಳಗೆ ಬರೆಸುತ್ತೇನೆ, ಎರಡೂ ಜಾಗ ಹೋಗಲಿ, ಅಂದಳು. ರೊಮಿನಾ ಸೊಂಟದ ಪಟ್ಟಿ ಬಿಚ್ಚಿದಳು, ಚೀಲ ಇಳಿಸಿದಳು, ಊಟದ ಪಾತ್ರೆಯನ್ನು ಹಿಲಾರಿಯಾ ಕೈಗೆ ಕೊಟ್ಟು ಎರಡು ಮೊಳದ ನಡುವೆ ಕೂತಳು. ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು.

"ಮಾರದೆ ಕೂತ್ರೆ ಅದಕ್ಕೆ ಭಿಕ್ಷೆ ಅಂತಾರೆ," ಅಂದಳು ಫಾವ್ಸ್ತಾ. "ನನ್ನ ಸಾಲಲ್ಲಿ ಭಿಕ್ಷೆ ಇಲ್ಲ. ಏಳು."

"ಮಾರ್ತೀನಿ."

"ಏನನ್ನ? ಗಾಳಿನಾ?"

ರೊಮಿನಾ ಚೀಲದ ಬಾಯಿ ಬಿಚ್ಚಿದಳು. ಮಲಗುವ ಚಾಪೆ ಹಾಸಿ ಅದರ ಮೇಲೆ ಒಂದೊಂದನ್ನೇ ಇಟ್ಟಳು. ನಿದ್ದೆಚೀಲ, ಮಳೆಯಂಗಿ, ಉಣ್ಣೆ ಟೋಪಿ, ಹಣೆಗೆ ಕಟ್ಟುವ ದೀಪ, ಮೂರು ಜೊತೆ ದಪ್ಪ ಕಾಲುಚೀಲ, ಬಿಸಿನೀರಿನ ಉಕ್ಕಿನ ಬಾಟಲಿ, ಒಂದು ಸಣ್ಣ ಒಲೆ, ಬೇಗ ಒಣಗುವ ಟವೆಲ್ಲು. ಒಂದು ವರ್ಷ ಅಮ್ಮನ ಹೊಲಿಗೆ ಕೆಲಸದಲ್ಲಿ ಗುಂಡಿ ಹಾಕಿ ಹಾಕಿ ಕೂಡಿಸಿಕೊಂಡ ಸಾಮಾನು. ಫಾವ್ಸ್ತಾ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಸಾಲಿಗೆಲ್ಲ ತೋರಿಸಿದಳು. ಇದರಲ್ಲಿ ಮೂಗು ಒರೆಸೋದಾ ಮೈ ಒರೆಸೋದಾ ಎಂದು ಯಾರೋ ಕೇಳಿದರು, ಮೂಗಿನ ಗಾತ್ರ ನೋಡಿಕೊಂಡು ಎಂದು ಇನ್ನಾರೋ ಅಂದರು. ಓಣಿ ನಗುವಾಗ ರೊಮಿನಾಳ ಕಿವಿ ಬಿಸಿಯಾಯಿತು. ಆದರೆ ಫಾವ್ಸ್ತಾ ಸೀಟಿ ಊದಲಿಲ್ಲ. ನಿಯಮ ನಿಯಮವೇ. ಸಾಲು ಏಳುವ ಮುಂಚೆ ಒಂದು ಸಲ ಎದ್ದರೂ ಎದ್ದಂತೆ, ನೋಡುತ್ತಿರುತ್ತೇನೆ ಎಂದು ಹೇಳಿ ಇಳಿದುಹೋದಳು.

ಕೂತು ನೋಡಿದ ಊರು ಬೇರೆಯೇ ಇತ್ತು. ಇಳಿಜಾರಿಲ್ಲ, ಬೆಟ್ಟವಿಲ್ಲ, ಇಟ್ಟಿಗೆ ಮನೆಗಳಿಲ್ಲ, ಬರೀ ಕಾಲು. ಚಪ್ಪಲಿಯ ಕಾಲು, ಪಾಲಿಷಿನ ಕಾಲು, ಹಳೆ ಟೈರಿನ ಅಟ್ಟೆಯ ಕಾಲು. ಕೊಳ್ಳುವ ಆಸೆ ಮುಖಕ್ಕೆ ಬರುವ ಮುಂಚೆ ಹಿಮ್ಮಡಿಗೆ ಬರುತ್ತದೆ ಎಂದು ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಕಲ್ಲಿನ ಥಂಡಿ ಬೆನ್ನುಮೂಳೆಯಲ್ಲಿ ಏರತೊಡಗಿತು. ಅಜ್ಜಿ ಹೀಗೆ ಕೆಳಗಿನಿಂದ ನೋಡಿದ್ದಳು ತನ್ನನ್ನು, ಶಾಲೆಯ ಬಿಳಿ ಕಾಲುಚೀಲ, ಕಪ್ಪು ಬೂಟು. ಮುಖಕ್ಕಿಂತ ಮುಂಚೆ ಆ ಬೂಟನ್ನು ಗುರುತು ಹಿಡಿದಿರಬೇಕು, ಬೆಳಿಗ್ಗೆ ಅದಕ್ಕೆ ಬಣ್ಣ ತಿಕ್ಕಿದವಳೇ ಅವಳಲ್ಲವೇ. ಒಂದು ಜೊತೆ ರಬ್ಬರ್ ಚಪ್ಪಲಿ ಎದುರಿಗೆ ನಿಂತಿತು. ಕಾಲುಚೀಲ ಎಷ್ಟು ಕಸೇರಾ, ಎಂದು ಒಬ್ಬ ಮುದುಕಿ ಕೇಳಿದಳು. ರೊಮಿನಾ ಹಿಂದೆ ತಿರುಗಿ ನೋಡಿದಳು, ಯಾರನ್ನು ಕರೆದಳೋ ಎಂದು. ಹಿಲಾರಿಯಾ ಮೊಣಕೈಯಲ್ಲಿ ತಿವಿದು, ನಿನ್ನನ್ನೇ, ಅಂದಳು. ಬಾಯಿಗೆ ಬಂದ ಬೆಲೆ ಹೇಳಿದಳು, ಮುದುಕಿ ಅದರ ಅರ್ಧ ಹೇಳಿದಳು, ಇವಳು ಒಪ್ಪಿಬಿಟ್ಟಳು. ಕೊಸರು ಎಂದು ಮುದುಕಿ ಕೈ ಚಾಚಿಯೇ ನಿಂತಾಗ ಕೊಡಲು ಏನೂ ತೋಚದೆ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು ಕೊಟ್ಟಳು. ಮುದುಕಿ ಅವನ್ನು ಅಲ್ಲೇ ತನ್ನ ಶಾಲಿಗೆ ಸಿಕ್ಕಿಸಿಕೊಂಡು ಹೋದಳು. ಮಾರುವಾಗ ಮುಖ ಬಿಗಿ ಹಿಡಿ, ನಗಬೇಡ, ನೀನು ನಕ್ಕರೆ ಅವರು ಇಳಿಸುತ್ತಾರೆ ಎಂದು ಹಿಲಾರಿಯಾ ಪಾಠ ಹೇಳಿದಳು. ಶೇಂಗಾ ಸಾರಿನಲ್ಲಿ ಅರ್ಧ ಪಾಲು ಕೊಟ್ಟಳು. ಅದು ಹೊಟ್ಟೆಯಲ್ಲಿ ನಿಂತಿತು. ನಿದ್ದೆಚೀಲ ಒಬ್ಬ ಲಾರಿ ಡ್ರೈವರನಿಗೆ ಹೋಯಿತು, ಒಲೆ ಒಬ್ಬ ಮೇಷ್ಟರಿಗೆ, ಮಳೆಯಂಗಿ ಕಚೇರಿಗೆ ಹೋಗುವ ಹೆಂಗಸಿಗೆ. ಪೆರು ಚೂರುಚೂರಾಗಿ ಇಳಿದು ಹೋಗುತ್ತಿದೆ ಎಂದು ರೊಮಿನಾಗೆ ಅನ್ನಿಸಿತು, ಅದರಿಂದ ದುಃಖವಾಗಬೇಕಿತ್ತು, ಆಗಲಿಲ್ಲ. ಎರಡು ಗಂಟೆಗೆ ಹಿಲಾರಿಯಾ, ಸಾಕು ಮಗಾ, ಬಂದೆಯಲ್ಲ, ಅಷ್ಟೇ ಬೇಕಿತ್ತು, ನಿನ್ನ ತುಟಿ ನೀಲಿಯಾಗಿದೆ, ಹೋಗಿ ಮಲಗು ಅಂದಳು. ಅರ್ಧ ದಿನ ಅಂದರೆ ಎರಡು ಗಂಟೆಯಲ್ಲ ಎಂದು ರೊಮಿನಾ ಕಾಲು ಮಡಿಸಿ ಇನ್ನೂ ಗಟ್ಟಿಯಾಗಿ ಕೂತಳು. ಮುದುಕಿ ಮತ್ತೆ ಆ ಮಾತೆತ್ತಲಿಲ್ಲ.

ಮೂರರ ಹೊತ್ತಿಗೆ ಮಾಲೇನಾಳ ಬೂಟುಗಳು ಬಂದವು. ಮೇಲಿಂದ ಕಂಡದ್ದನ್ನೆಲ್ಲ ಅವು ನಿಲ್ಲುವ ಮುಂಚೆಯೇ ಹೇಳತೊಡಗಿದವು: ಮಾಳಿಗೆಗಳ ಮೇಲೆ ನಾಯಿಗಳು ಓಡಾಡುತ್ತವೆ, ಊರೆಲ್ಲ ಒಂದು ಕಂಬಳಿ ಹಾಸಿದ ಹಾಗಿದೆ, ಹಿಮದ ಬೆಟ್ಟ ಒಂದು ನಿಮಿಷ ಕಂಡಿತು, ನೀನು ತಪ್ಪಿಸಿಕೊಂಡೆ. ಆಮೇಲೆ ಚಾಪೆ ನೋಡಿ ಜೋರಾಗಿ ನಕ್ಕಳು. ಏನೇ ಇದು ನಾಟಕ, ಅಲ್ಲೇ ಇರು, ಅಲ್ಲಾಡಬೇಡ, ಎಂದು ಫೋನು ಎತ್ತಿದಳು.

"ಫೋಟೊ ಬೇಡ. ಕೊಳ್ಳೋದಿದ್ರೆ ಕೊಳ್ಳು."

ಮಾಲೇನಾ ಇನ್ನೂ ನಗುತ್ತಲೇ ಇದ್ದಳು. ಅವಳು ಕೆಟ್ಟವಳಲ್ಲ. ಎರಡು ದಿನ ಬಸ್ಸಿನಲ್ಲಿ ತನ್ನ ಶಾಲನ್ನು ಇಬ್ಬರಿಗೂ ಹೊದಿಸಿದವಳು. ಒಂಬತ್ತು ವರ್ಷ ರೊಮಿನಾ ಈ ಒಬ್ಬಳ ಕಣ್ಣನ್ನು ಬೆನ್ನ ಮೇಲೆ ಹೊತ್ತು ತಿರುಗಿದ್ದಳು. ಗೊತ್ತಿದೆಯೋ, ಅವತ್ತೇ ಗೊತ್ತಾಗಿತ್ತೋ, ಗೊತ್ತಿದ್ದೂ ಕರುಣೆಯಿಂದ ಸುಮ್ಮನಿದ್ದಾಳೋ. ಅದನ್ನು ಈಗ ಇಳಿಸದಿದ್ದರೆ ಈ ಕಲ್ಲಿನ ಮೇಲೆ ಕೂತು ಏನು ಬಂತು.

"ಸ್ಕೂಲಿಂದ ಎರಡು ಬೀದಿ ಆಚೆ ಒಂದಿನ ಬೆಳ್ಳುಳ್ಳಿ ಕೊಂಡ್ಕೊಂಡೆ ನಾನು. ನೀನೂ ಇದ್ದೆ. ಮಾರ್ತಿದ್ದೋಳು ನಮ್ಮಜ್ಜಿ. ಇದು ಅವಳ ಜಾಗ. ನಾನು ಸಾಲ್ತಾದವಳಲ್ಲ."

ಮಾಲೇನಾ ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. ಪ್ರಾಮಾಣಿಕವಾಗಿ, ಕಷ್ಟಪಟ್ಟು.

"ಯಾವ ಬೆಳ್ಳುಳ್ಳಿ? ಅಲ್ಲಿ ತುಂಬಾ ಜನ ಕೂತಿರ್ತಿದ್ರಲ್ಲ."

ರೊಮಿನಾಗೆ ಮೊದಲು ನಗು ಬಂತು. ಒಂಬತ್ತು ವರ್ಷದ ಸಾಕ್ಷಿ ಏನನ್ನೂ ನೋಡಿಯೇ ಇರಲಿಲ್ಲ. ಯಾರ ಕಣ್ಣಿಗೆ ಹೆದರಿ ಅಜ್ಜಿಯನ್ನು ಗಿರಾಕಿಯಂತೆ ಮಾತಾಡಿಸಿದಳೋ ಆ ಕಣ್ಣಿಗೆ ಅಜ್ಜಿ ಬೀದಿಯ ಕಲ್ಲುಗಳಲ್ಲಿ ಒಂದು. ಹಾಗಾದರೆ ಅವತ್ತು ಅಜ್ಜಿಯನ್ನು ಕಂಡವಳು ತಾನೊಬ್ಬಳೇ, ಕಂಡೂ ಹಾಗೆ ಮಾಡಿದವಳು. ನಗು ಅಲ್ಲಿಗೇ ನಿಂತಿತು. ತುಂಬಾ ಜನ ಅಲ್ಲ, ಒಬ್ಬಳು, ಅಂದಳು. ಅವಳಿಗೆ ಹೆಸರಿದೆ, ಸಾತುರ್ನಿನಾ ಟಾರ್ಕಿ, ಹೇಳು ನೋಡೋಣ. ಮಾಲೇನಾ ಸುತ್ತ ನೋಡಿದಳು, ಸಾಲಿನ ಹೆಂಗಸರೆಲ್ಲ ಮಾರುವುದು ಬಿಟ್ಟು ಕೇಳುತ್ತಿದ್ದರು. ಮುಖ ಕೆಂಪಾಗಿ, ಸಣ್ಣ ದನಿಯಲ್ಲಿ ಹೇಳಿದಳು, ಟಾರ್ಕಿಯನ್ನು ತಪ್ಪಾಗಿ. ಇನ್ನೊಂದು ಸಲ, ಅಂದಳು ರೊಮಿನಾ. ಇನ್ನೊಂದು ಸಲ ಹೇಳಿದಳು, ಸರಿಯಾಗಿ. ಕೆಳಗೆ ಒಳಚಡ್ಡಿಗಳ ನಡುವೆ ಫಾವ್ಸ್ತಾ ಸೀಟಿಯನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡದ್ದು ಕಂಡಿತು.

ನಾಲ್ಕಕ್ಕೆ ಆಕಾಶ ಕಪ್ಪಾಗಿ ಆಲಿಕಲ್ಲು ಬಿತ್ತು. ಸಾಲಿನುದ್ದಕ್ಕೂ ನೀಲಿ ಪ್ಲಾಸ್ಟಿಕ್ಕುಗಳು ಒಂದೇ ಏಟಿಗೆ ಬಿಚ್ಚಿಕೊಂಡವು. ಹೆಂಗಸರು ಸರಕನ್ನೂ ತಮ್ಮನ್ನೂ ಅದರೊಳಗೆ ಎಳೆದುಕೊಂಡು ಕೂತಲ್ಲೇ ಗುಡ್ಡೆಗಳಾದರು. ಮಾಲೇನಾ ಎದುರು ಮನೆಯ ಸೂರಿಗೆ ಓಡಿ ನಿಂತು, ಏಳೇ ಹುಚ್ಚಿ, ಸಾಯ್ತೀಯ, ಎಂದು ಕೂಗಿದಳು. ರೊಮಿನಾಳ ಬಳಿ ಪ್ಲಾಸ್ಟಿಕ್ಕಿರಲಿಲ್ಲ, ಮಳೆಯಂಗಿಯೂ ಇರಲಿಲ್ಲ. ಕಲ್ಲುಗಳು ನೆತ್ತಿಗೆ, ಬೆರಳ ಗಂಟಿಗೆ, ಕತ್ತಿನ ಹಿಂದಿನ ಮೂಳೆಗೆ ಹೊಡೆದವು. ಬರಿದಾದ ಚೀಲವನ್ನು ತಲೆಯ ಮೇಲೆ ಹಿಡಿಯಬಹುದಿತ್ತು. ಆದರೆ ಚಾಪೆಯ ಮೇಲೆ ಇನ್ನೂ ದೀಪ, ಬಾಟಲಿ, ಟವೆಲ್ಲು ಇದ್ದವು, ಮಾರುವವಳು ಮೊದಲು ಸರಕು ಮುಚ್ಚುತ್ತಾಳೆ ಎಂದು ಅಷ್ಟರಲ್ಲಿ ಕಲಿತಿದ್ದಳು. ಚೀಲವನ್ನು ಅವುಗಳ ಮೇಲೆ ಕವುಚಿದಳು. ಪಕ್ಕದ ಗುಡ್ಡೆಯೊಳಗಿಂದ ಹಿಲಾರಿಯಾಳ ದನಿ ಬಂತು.

"ಟೋಪಿ ಇತ್ತಲ್ಲ?"

"ಮಾರ್ಬಿಟ್ಟೆ."

"ಎಷ್ಟಕ್ಕೆ?"

ರೊಮಿನಾ ಹಲ್ಲು ಕಟಕಟಿಸುತ್ತ ಹೇಳಿದಳು.

"ಮೋಸ ಹೋದೆ," ಅಂದಿತು ಗುಡ್ಡೆ.

ಕೆಳಗಿನಿಂದ ಫಾವ್ಸ್ತಾ ಪ್ಲಾಸ್ಟಿಕ್ಕಿನ ಅಂಚೆತ್ತಿ, ಸಾಕು ಏಳು ಹುಡುಗಿ, ನೋಡಿದ್ದೀವಿ, ಈಗ ಎದ್ದರೆ ಎದ್ದಂತಲ್ಲ, ನಾನೇ ಹೇಳುತ್ತಿದ್ದೇನೆ, ಎಂದು ಕೂಗಿದಳು. ಆ ದನಿಯಲ್ಲಿ ಹೆದರಿಕೆಯಿತ್ತು. ಸಾಲಿನಲ್ಲಿ ಯಾರಾದರೂ ಸತ್ತರೆ ಹಿರಿಯಳ ತಲೆಗೇ ಬರುತ್ತದೆ. ಎಲ್ಲರೂ ರೊಮಿನಾಗೆ ಎದ್ದು ಹೋಗುವ ಬಾಗಿಲು ತೆರೆದು ನಿಂತಿದ್ದರು, ಒಬ್ಬೊಬ್ಬರು ಒಂದೊಂದು ದಿಕ್ಕಿನಲ್ಲಿ, ಎಲ್ಲರೂ ಕರುಣೆಯಿಂದಲೇ. ಅಜ್ಜಿಗೂ ಬಸ್ಸಿನ ಬಾಗಿಲು ಮುಂದಿನ ಊರಿನಲ್ಲಿ ತೆರೆದಿತ್ತು, ಅದರ ಮುಂದಿನ ಊರಿನಲ್ಲೂ. ಯಾಕೆ ಇಳಿಯಲಿಲ್ಲ ಎನ್ನುವುದು ರೊಮಿನಾಗೆ ಆಗ, ಕತ್ತಿನೊಳಗೆ ಮಂಜಿನ ನೀರು ಇಳಿಯುವಾಗ, ಹೊಳೆದಂತಾಯಿತು. ಮಗಳನ್ನು ಬಿಡಲಾರದೆ ಅಲ್ಲ, ಅಥವಾ ಅದೊಂದೇ ಅಲ್ಲ. ಹದಿನೈದು ವರ್ಷ ಕೂತ ಹೆಂಗಸು ಮೊದಲ ಸಲ ಎದ್ದಿದ್ದಳು; ಕಿಟಕಿಯಾಚೆ ಊರುಗಳು ಓಡುತ್ತಿದ್ದವು; ಅವಳಿಗೆ ಅದು ಹಿಡಿಸಿತ್ತು. ಅಷ್ಟೇ. ಅದನ್ನು ಯಾರಿಗೂ ಹೇಳಲಾಗದೆ ಕಥೆಯ ಬಾಯಿ ಕಟ್ಟಿ ಇಟ್ಟಿದ್ದಳು. ರೊಮಿನಾಗೆ ಅಜ್ಜಿಯ ಮೇಲೆ ಕೋಪ ಬಂತು, ಆ ಕೋಪದಲ್ಲಿ ಮೈ ಬೆಚ್ಚಗಾಯಿತು. ಸಾಕಾಗಿಲ್ಲ, ಎಂದು ಅವಳು ಕೆಳಕ್ಕೆ ಕೂಗಿ ಹೇಳಿದಳು.

ಆಲಿಕಲ್ಲು ನಿಂತ ಮೇಲೆ ಬಿಸಿಲು ಬಂತು, ಓಣಿ ಹೊಗೆಯಾಡಿತು. ದೀಪ ಒಬ್ಬ ದೋಬಿಯವಳಿಗೆ ಹೋಯಿತು, ಬಾಟಲಿ ಒಬ್ಬ ಪಾದ್ರಿಗೆ. ಟವೆಲ್ಲನ್ನು ಯಾರೂ ಕೊಳ್ಳಲಿಲ್ಲ. ಅದರಲ್ಲೇ ತಲೆ ಒರೆಸಿಕೊಂಡಳು, ಅದು ಎಲ್ಲರೂ ಅಂದುಕೊಂಡಿದ್ದಕ್ಕಿಂತ ಹೆಚ್ಚು ನೀರು ಹಿಡಿಯಿತು. ಆರಕ್ಕೆ ಫಾವ್ಸ್ತಾ ಸೀಟಿ ಊದಿದಳು. ಹೆಂಗಸರು ಒಬ್ಬೊಬ್ಬರೇ ಗಂಟು ಕಟ್ಟಿ, ಸೊಂಟ ಹಿಡಿದುಕೊಂಡು ಎದ್ದರು, ತಂತಮ್ಮ ಜಾಗ ಗುಡಿಸತೊಡಗಿದರು. ಗುಡಿಸಿದ ಮೇಲೇ ದಿನ ಮುಗಿಯುವುದು. ಗುಡಿಸದ ಜಾಗ ಇನ್ನೂ ಕೂತಂತೆಯೇ ಲೆಕ್ಕ. ರೊಮಿನಾ ಗೋಡೆ ಹಿಡಿದು ಎದ್ದಳು, ಒಂದು ಕಾಲು ಇದ್ದ ಸುದ್ದಿಯೇ ಇರಲಿಲ್ಲ. ಹಿಲಾರಿಯಾಳ ಪೊರಕೆ ಕೇಳಿದಳು. ಬಿಡು ನಾನೇ ಗುಡಿಸುತ್ತೇನೆ, ಇಷ್ಟು ವರ್ಷ ಗುಡಿಸಿಲ್ಲವೇ ಎಂದಳು ಹಿಲಾರಿಯಾ. ರೊಮಿನಾ ಕೈ ಚಾಚಿಯೇ ನಿಂತಳು. ಪೊರಕೆ ಕೈಗೆ ಬಂತು.

ಎರಡು ಮೊಳದ ಮೇಲೆ ಪಾದ ಮುಚ್ಚುವಷ್ಟು ಮಂಜುಗಡ್ಡೆ ಬಿದ್ದಿತ್ತು. ತಾನು ಕೂತ ಗುರುತಿನವರೆಗೆ ಗುಡಿಸಿ ನಿಲ್ಲಿಸಿದಾಗ ಹಿಲಾರಿಯಾ ಕಾಲ್ಬೆರಳಲ್ಲಿ ಗೀಟೆಳೆದು, ಅಷ್ಟಲ್ಲ, ಇಲ್ಲೀತನಕ ನಿಮ್ಮದು, ಅಂದಳು. ಅದನ್ನೂ ಗುಡಿಸಿದಳು. ಮಂಜು, ಚಹಾದ ಕಪ್ಪು, ಮೂಲಿಕೆಯ ಕಡ್ಡಿ, ಎಲ್ಲ ಸೇರಿ ಇಳಿಜಾರಿನಲ್ಲಿ ಕೆಳಕ್ಕೆ ಹೊರಟವು, ಫಾವ್ಸ್ತಾ ಆಗಷ್ಟೇ ಗುಡಿಸಿ ಮುಗಿಸಿದ್ದ ಕಲ್ಲಿನ ಮೇಲೆ ಹರಡಿಕೊಂಡವು. ಎಲ್ಲಾ ನನ್ನ ತಲೆ ಮೇಲೆ ತಳ್ತಿದ್ದೀಯಲ್ಲ, ಎಂದು ಅವಳು ಸೊಂಟಕ್ಕೆ ಕೈಯಿಟ್ಟಳು.

"ಇಳಿಜಾರು ನಾನು ಮಾಡಿದ್ದಲ್ಲ ದೋನ್ಯಾ," ಅಂದಳು ರೊಮಿನಾ, ಕೈ ನಿಲ್ಲಿಸದೆ.

ಫಾವ್ಸ್ತಾ ಅವಳನ್ನು, ಆಮೇಲೆ ಹಿಲಾರಿಯಾಳನ್ನು ನೋಡಿದಳು. ತನ್ನ ಪೊರಕೆಯನ್ನು ಮತ್ತೆ ಎತ್ತಿಕೊಂಡಳು.

"ಅಳೆಯೋಕೆ ಬಂದಾಗ ಹೇಳ್ತೀನಿ ಬಿಡು ಹಿಲಾರಿಯಾ. ಸಾತುರ್ನಿನಾ ಬಂದಿದ್ಲು, ಸಂಜೆ ತನಕ ಕೂತಿದ್ಲು, ಜಾಗ ನಿನಗೆ ಬಿಟ್ಟು ಹೋದ್ಲು ಅಂತ. ಅವಳಿಗೆ ಗುಡ್ಸೋಕೆ ಬರಲ್ಲ ಅಂತಾನೂ ಹೇಳ್ತೀನಿ."

ಹಿಲಾರಿಯಾ ಟೋಪಿ ತೆಗೆದು, ಅದರ ಅಂಚಿನ ನೀರು ಕೊಡವಿ, ಮತ್ತೆ ಇಟ್ಟುಕೊಂಡಳು. ಗೋಡೆಯ ಸಂದಿಯಲ್ಲಿ ಒಂದು ಹಿಡಿ ಮಂಜು ಇನ್ನೂ ಸಿಕ್ಕಿಕೊಂಡಿತ್ತು. ರೊಮಿನಾ ಬಗ್ಗಿ ಪೊರಕೆಯ ಹಿಡಿಯಿಂದ ಅದನ್ನು ಕೆದಕಿ ಎಬ್ಬಿಸಿ, ಕೆಳಕ್ಕೆ ದೂಡಿದಳು.